ಓ ಅನ್ನದ ಓಣಿ

“ಈ ಫಕೀರೇಶ ಏನ ಮಾಡ್ತಾನ ಗೊತ್ತದ ಏನ್ರಿ? ಮದಿವಿ ಮನ್ಯಾಗ ಎಲ್ಲಾರೂ ಉಂಡು ಎದ್ದ ಮ್ಯಾಲ ಬರ್ತಾನ. ಎಂಜಲ ಎಲಿ ನೋಡಿ, ‘ಈ ಸಲ ಹೋಳಿಗಿ ಭಾಳ ಖರ್ಚಾಗ್ಯಾವ’ ಅಂತ ಬರೀತಾನ. ಅದಕ್ಕ ಬ್ಲಾಗ್ ಅಂತಾನ!”

ಮೈಕು ಹಿಡಿದು ನಿರಂಜನ ದೇಸಾಯಿ ಹೀಗೆ ಅಂದದ್ದೇ ತಡ, ಹೋಟೆಲಿನ ಸಭಾಂಗಣವೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕಿತು. ‘ಸುಳಿ’ ಕಂಪನಿಯ ಹುಬ್ಬಳ್ಳಿ ಕಚೇರಿಗೆ ಅವನೇ ಮುಖ್ಯಸ್ಥ. ಹಾಡು, ಜಗಳ, ಅಡುಗೆ, ಜಾತಕ, ಸಾವಿನ ಸುದ್ದಿ ಎಲ್ಲವೂ ಸುಳಿ ಎಂಬ ಆ ಒಂದು ಆ್ಯಪಿನಲ್ಲೇ ಹುಟ್ಟಿ ಅಲ್ಲೇ ಮುಗಿಯುತ್ತಿದ್ದ ಕಾಲ ಅದು. ವರ್ಷಕ್ಕೊಮ್ಮೆ ಕನ್ನಡದಲ್ಲಿ ಬರೆಯುವವರನ್ನೂ ವಿಡಿಯೋ ಮಾಡುವವರನ್ನೂ ಕರೆದು ಊಟ ಹಾಕುವುದು ಕಂಪನಿಯ ಪದ್ಧತಿ. ಸನ್ಮಾನವೇನೋ ಇರಬೇಕೆಂದು ಫಕೀರೇಶ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಬಂದಿದ್ದ. ತನ್ನನ್ನು ವೇದಿಕೆಗೆ ಕರೆದದ್ದು ಎದುರಿಗೆ ನಿಲ್ಲಿಸಿಕೊಂಡು ಜನರನ್ನು ನಗಿಸುವುದಕ್ಕೆ ಎಂಬುದು ಈಗ ಗೊತ್ತಾಯಿತು.

“ಒಂಬತ್ತನೇ ಇಯತ್ತೆಗೆ ಸಾಲಿ ಬಿಟ್ಟಾಂವ ಇಷ್ಟರೆ ಮಾಡ್ಯಾನಲ್ಲ, ಚಪ್ಪಾಳಿ ಹೊಡೀರಿ ಪಾಪ,” ಎಂದು ದೇಸಾಯಿ ಒಂದು ಪುಟ್ಟ ಡಬ್ಬಿಯನ್ನು ಅವನ ಕೈಗೆ ತುರುಕಿದ. “ತಮ್ಮಾ, ಆಗಿದ್ದನ್ನ ಬರಿಯೂದು ಯಾರಿಗೂ ಬರ್ತದ. ಆಗದ್ದನ್ನ ಆಗಿಸಬೇಕು. ಅದಕ್ಕ ತಲಿ ಬೇಕು.”

ಚಪ್ಪಾಳೆ ಬಿತ್ತು. ಡಬ್ಬಿಯಲ್ಲಿ ಕಂಪನಿಯ ಹೊಸ ಕಿವಿಮಣಿ ಇತ್ತು. ಕಡಲೆಕಾಳಿನಷ್ಟು ಗಾತ್ರದ ಅದನ್ನು ಕಿವಿಗೆ ಇಟ್ಟರೆ ಲಾರಿಯ ಹಾರ್ನು, ಮಿಕ್ಸಿಯ ಗದ್ದಲ ಎಲ್ಲ ಅಡಗಿ, ಬೇಕಾದ ಮಾತಷ್ಟೇ ತಿಳಿಯಾಗಿ ಕೇಳಿಸುತ್ತಿತ್ತು. ಊರಿಗೆಲ್ಲ ಪುಕ್ಕಟೆ ಹಂಚಿದ್ದ ಮಾಲು. ಅದನ್ನೇ ಬಹುಮಾನವೆಂದು ಕೊಟ್ಟಿದ್ದ ಪುಣ್ಯಾತ್ಮ. ಫಕೀರೇಶ ಊಟಕ್ಕೂ ನಿಲ್ಲದೆ ಹೊರಬಿದ್ದ.

ಅವನ ಬ್ಲಾಗಿನ ಹೆಸರು ‘ಕಟ್ಟೆಯ ಮೇಲಿಂದ’. ಹಳೇ ಹುಬ್ಬಳ್ಳಿಯ ತನ್ನ ಓಣಿಯ ಕಟ್ಟೆಯ ಮೇಲೆ ಕೂತು ಜನ ಫೋನಿನೊಳಗೆ ಹೇಗೆ ಬದುಕುತ್ತಿದ್ದಾರೆ ಎಂಬುದನ್ನು ಅವನು ಬರೆಯುತ್ತಿದ್ದ. ಮಧ್ಯಾಹ್ನ ಎರಡಕ್ಕೆ ಎದ್ದವನೂ ಇಬ್ಬನಿ ಬಿದ್ದ ಗುಲಾಬಿಯ ಚಿತ್ರ ಹಾಕಿ ಶುಭೋದಯ ಅನ್ನುವುದು. ಮಾವ ಸತ್ತನೆಂದು ಅಳುವ ಗೊಂಬೆ ಹಾಕಿದವನು ಅದರ ಬೆನ್ನಿಗೇ ಬಿರಿಯಾನಿಯ ಫೋಟೊ ಹಾಕುವುದು. ಗಂಟುಮುಖ ಹಾಕಿಕೊಂಡೇ ‘ಹ್ಹಹ್ಹಹ್ಹ’ ಎಂದು ಟೈಪು ಮಾಡುವುದು. ನಳದ ಹತ್ತಿರ ಜಗಳಾಡುವ ಹೆಂಗಸರು ಕೊನೆಗೆ ರೀಲ್ಸಿನವರ ಹಾಗೆ ಕೂದಲು ಹಿಂದಕ್ಕೆ ಎಸೆದು ತಿರುಗುವುದು. ಬರೆದದ್ದರಲ್ಲಿ ಸುಳ್ಳು ಒಂದಕ್ಷರವೂ ಇರುತ್ತಿರಲಿಲ್ಲ. ಅವನಿಗಿದ್ದ ಒಂದೇ ಜಂಬ ಅದು.

ಮನೆಗೆ ಬಂದಾಗ ಅಪ್ಪ ಯಮನಪ್ಪ ಬಾಗಿಲಲ್ಲಿ ಕೂತು ಕುರ್ಚಿ ಹೆಣೆಯುತ್ತಿದ್ದ. ಸುಣ್ಣದ ಭಟ್ಟಿಯಲ್ಲಿ ಕಣ್ಣು ಕಳೆದುಕೊಂಡ ಮೇಲೆ ಕಲಿತ ಕೆಲಸ. ಬೆರಳುಗಳು ಪ್ಲಾಸ್ಟಿಕ್ ಎಳೆಯ ಮೇಲೆ ಇಲಿಮರಿಗಳ ಹಾಗೆ ಓಡುತ್ತಿದ್ದವು.

“ಯಾರದು?”

“ನಾನ ಅಪ್ಪಾ.”

“ಹೆಸರ ಹೇಳಬೇಕಲೇ. ರಿವಾಜು ಬಿಟ್ಟಿ ಏನ?”

ಅದು ಆ ಓಣಿಯ ರಿವಾಜು. ಯಮನಪ್ಪನ ಎದುರು ಹಾಯುವವರು ತಮ್ಮ ಹೆಸರು ಹೇಳಿ ಹಾಯಬೇಕು. ಅವನು ಕರೆದರೆ ಇದ್ದಲ್ಲಿಂದಲೇ ‘ಓ’ ಅನ್ನಬೇಕು. ಅವನು ಕೋಲು ಹಿಡಿದವನಲ್ಲ. ಹೆಣೆದ ಕುರ್ಚಿ ತಲೆಯ ಮೇಲಿಟ್ಟುಕೊಂಡು, “ಸಕ್ರವ್ವಾ!” ಅಂದರೆ ಎಡಕ್ಕೆ ಅಂಗಡಿಯಿಂದ “ಓ ಕಾಕಾ!” ಬರುತ್ತಿತ್ತು. “ಮೌಲಾಸಾಬ!” ಅಂದರೆ ಬಲಕ್ಕೆ ಸೈಕಲ್ ರಿಪೇರಿಯ ಕಡೆಯಿಂದ “ಓ ಯಮನಪ್ಪಾ!” ಬರುತ್ತಿತ್ತು. ಎರಡು ‘ಓ’ಗಳ ನಡುವಿನ ಜಾಗವೇ ಅವನಿಗೆ ದಾರಿ. ಹಾಗೆ ಓಣಿ ದಾಟಿ, ನಾಲೆಯ ಮೇಲಿನ ಸಣ್ಣ ಸೇತುವೆ ದಾಟಿ, ಬಜಾರದವರೆಗೆ ಹೋಗಿ ಬರುತ್ತಿದ್ದ. ಕಿವಿಮಣಿಯನ್ನು ಮಾತ್ರ ಮುಟ್ಟುತ್ತಿರಲಿಲ್ಲ. “ಇರೂದ ಎರಡು ಕಿವಿ. ಅವಕ್ಕೂ ಬೂಚು ಹಾಕ್ಲೇನು?” ಎನ್ನುತ್ತಿದ್ದ.

ಫಕೀರೇಶ ಫೋನು ತೆಗೆದು ಕೂತ. ಆಗದ್ದನ್ನು ಆಗಿಸಬೇಕಂತೆ! ಮಗನೇ, ತಗೋ. ಅಜ್ಜಿ ಹೇಳುತ್ತಿದ್ದದ್ದು ನೆನಪಾಯಿತು: ಮುಚ್ಚಂಜೆ ಹೊತ್ತಿನಲ್ಲಿ ಹೊರಗಿನಿಂದ ಯಾರಾದರೂ ಹೆಸರು ಹಿಡಿದು ಕರೆದರೆ ಮೊದಲ ಕೂಗಿಗೆ ಓ ಅನ್ನಬಾರದು, ಎರಡನೆಯದಕ್ಕೂ ಅನ್ನಬಾರದು, ದೆವ್ವಕ್ಕೆ ಮೂರನೆಯ ಸಲ ಕರೆಯಲು ಬರುವುದಿಲ್ಲ. ಅದನ್ನೇ ತಿರುಚಿ ಬರೆದ:

‘ನಮ್ಮ ಊರಿನ ಹೊಸ ಚಾಳಿ ಗಮನಿಸಿದಿರಾ? ಈಗ ಯಾರೂ ಮೊದಲ ಕರೆಗೆ ತಿರುಗುವುದಿಲ್ಲ. ತಕ್ಷಣ ಓ ಅಂದವನು ಅಗ್ಗದವನು. ಮೂರು ಸಲ ಕರೆಸಿಕೊಂಡವನೇ ದೊಡ್ಡ ಮನುಷ್ಯ. ಕಟ್ಟೆಯ ಮೇಲೆ ಕೂತು ನೋಡುತ್ತಿದ್ದೇನೆ, ಓಣಿಗೆ ಓಣಿಯೇ ದೆವ್ವಕ್ಕೆ ಹೆದರಿದ ಹಾಗೆ ಕಿವುಡಾಗಿದೆ.’

ಅಪ್ಪಟ ಸುಳ್ಳು. ಅವನು ಬರೆದ ಮೊದಲನೆಯ ಸುಳ್ಳು.

*

ಅದು ಹಬ್ಬಿತು ಅಂದರೆ ಎಂಥ ಹಬ್ಬುವುದು! ಮೊದಲು ವಿಡಿಯೋಗಳು ಬಂದವು. ಹೆಂಡತಿ ಕರೆಯುತ್ತಾಳೆ, ಗಂಡ ಕದಲುವುದಿಲ್ಲ. ಮೂರನೆಯ ಕೂಗಿಗೆ ಕಪ್ಪು ಕನ್ನಡಕ ಏರಿಸಿ ನಿಧಾನ ತಿರುಗುತ್ತಾನೆ, ಹಿಂದೆ ಡೊಳ್ಳಿನ ಸದ್ದು. ಮೇಷ್ಟರು ಹಾಜರಿ ಕರೆಯುತ್ತಾರೆ, ವರ್ಗವೆಲ್ಲ ಗಪ್‌ಚಿಪ್. ಲಕ್ಷಾಂತರ ಜನ ನೋಡಿ ನಕ್ಕರು. ಫಕೀರೇಶನೂ ನಕ್ಕ. ದೇಸಾಯಿಯ ಮುಖಕ್ಕೆ ಹೊಡೆದ ಹಾಗಾಯಿತು ಎಂದು ಎದೆಯುಬ್ಬಿಸಿ ಓಡಾಡಿದ. ತನ್ನದೇ ಚೇಷ್ಟೆ ಎಷ್ಟು ದೂರ ಹೋಯಿತೆಂದು ಕೇಳುವ ಖುಷಿಗೆ ಆ ಕಿವಿಮಣಿಯನ್ನೂ ಹಾಕಿಕೊಂಡ. ಹಾಕಿಕೊಂಡವನು ತೆಗೆಯಲಿಲ್ಲ.

ಆಮೇಲೆ ವಿಡಿಯೋಗಳು ನಿಂತವು. ಜನ ತಿರುಗದೆ ಇರುವುದು ಮಾತ್ರ ನಿಲ್ಲಲಿಲ್ಲ.

“ಸಕ್ರವ್ವ ಮುನಿಸಿಕೊಂಡಾಳೇನಲೇ?” ಎಂದು ಒಂದು ಸಂಜೆ ಅಪ್ಪ ಕೇಳಿದ. “ಎಷ್ಟ ಕರದ್ರೂ ಮಾತಿಲ್ಲ. ಮೌಲಾಸಾಬನೂ ಹಂಗ. ನಾ ಏನರೆ ತಪ್ಪ ಮಾಡೇನೇನು?”

“ಚ್ಯಾಷ್ಟಿ ಅಪ್ಪಾ. ಈಗಿನ ಫ್ಯಾಶನ್ ಅದು.”

“ಕುರುಡನ ಮುಂದ ಎಂಥಾ ಚ್ಯಾಷ್ಟಿ?”

ಫಕೀರೇಶ ಸಕ್ರವ್ವನ ಅಂಗಡಿಗೆ ಹೋದ. ಅವಳು ಶೇಂಗಾ ತೂಗುತ್ತಿದ್ದಳು. “ಸಕ್ರವ್ವಾ,” ಎಂದ. ತಕ್ಕಡಿಯಿಂದ ಕಣ್ಣೆತ್ತಲಿಲ್ಲ. “ಸಕ್ರವ್ವಾ! ಏ ಸಕ್ರವ್ವಾ!” ಎಂದು ಒದರಿದ. ಇಲ್ಲ. ಕಟ್ಟೆಯ ಮೇಲೆ ಕೈಯಿಂದ ಬಡಿದಾಗ ಬೆಚ್ಚಿದಳು.

“ಯವ್ವಾ! ಹೇಳಿ ಬರಬಾರದೇನ? ಎದಿ ಒಡೀತು.”

“ಅಪ್ಪ ಕರದ್ರ ಯಾಕ ಓ ಅನ್ನವಲ್ಲಿ?”

“ಯಾವಾಗ ಕರದಾ? ಕರದ್ರ ಅನ್ನಂಗಿಲ್ಲೇನ? ಏನೋ ಒದರತಿರತಾನ. ಯಾರನ್ನೋ ಕರೀತಿರತಾನ. ನನ್ನನ್ನಂತೂ ಅಲ್ಲ.”

ಅವಳ ಮುಖದಲ್ಲಿ ಚೇಷ್ಟೆ ಇರಲಿಲ್ಲ.

ಮರುದಿನ ಅವಳ ಮೊಮ್ಮಗಳು ನಳದ ಹತ್ತಿರ ಆಡುತ್ತಿದ್ದಾಗ ಟೆಂಪೊ ಹಿಂದಕ್ಕೆ ಬಂತು. ಅಜ್ಜಿ ಕಿರುಚಿ ಕಿರುಚಿ ಹೆಸರು ಹಿಡಿದು ಕರೆದಳು. ಕೂಸು ತಿರುಗಲಿಲ್ಲ. ಕಾಲು ಮುರಿಯಿತು, ಜೀವ ಉಳಿಯಿತು. ದವಾಖಾನೆಯಲ್ಲಿ ಕೂಸು ಹೇಳಿದ್ದು ಒಂದೇ ಮಾತು: “ಆಯಿ ಬ್ಯಾರೆ ಯಾರನ್ನೋ ಕರ್ಯಾಕತ್ತಿದ್ಲು.”

ಅದೇ ವಾರ ಯಮನಪ್ಪ ಕಳೆದುಹೋದ. ಬಜಾರಕ್ಕೆ ಕುರ್ಚಿ ಕೊಡಲು ಹೋದವನು ಬಹಳ ಹೊತ್ತಾದರೂ ಮರಳಲಿಲ್ಲ. ಫಕೀರೇಶ ಓಣಿಯೆಲ್ಲ ಓಡಿದ. ಕೊನೆಗೆ ಕಂಡದ್ದು ನಾಲೆಯ ಅಂಚಿನಲ್ಲಿ. ಕುರ್ಚಿಯನ್ನು ತಲೆಯ ಮೇಲೆ ಹೊತ್ತೇ ಇದ್ದ; ಒಂದು ಕಾಲು ನೆಲದ ಮೇಲಿತ್ತು, ಇನ್ನೊಂದು ಗಾಳಿಯಲ್ಲಿ ತಡಕಾಡುತ್ತಿತ್ತು. ಕೆಳಗೆ ಕರಿನೀರು. ಅವನು ಓಣಿಯವರ ಹೆಸರುಗಳನ್ನು ಒಂದೊಂದಾಗಿ ಕೂಗುತ್ತಿದ್ದ, ಸಾಲೆಯ ಹಾಜರಿಯ ಹಾಗೆ. ಸತ್ತವರ ಹೆಸರೂ ಅದರಲ್ಲಿ ಬಂತು. ಹೆಸರಿನವರು ಅವನ ಪಕ್ಕದಲ್ಲೇ ಸರಿದು ಸರಿದು ಹೋಗುತ್ತಿದ್ದರು. ಒಬ್ಬನಂತೂ ಅವನ ಚಾಚಿದ ಕೈಗೆ ತಾಗಬಾರದೆಂದು ಬಗ್ಗಿ ಹೋದ.

ಫಕೀರೇಶ ಅವನನ್ನು ತೆಕ್ಕೆಗೆ ಹಿಡಿದು ಹಿಂದಕ್ಕೆ ಎಳೆದ. ಯಮನಪ್ಪ ಅವನ ಅಂಗಿ ಬಿಗಿಯಾಗಿ ಹಿಡಿದುಕೊಂಡ.

“ಎಲ್ಲಾರೂ ಊರ ಬಿಟ್ಟ ಹೋದ್ರೇನಲೇ? ನಾ ಒಬ್ಬನ ಉಳದೇನಿ ಅಂತ ತಿಳಕೊಂಡೆ. ನೀವ ಓ ಅಂದ್ರ ಗ್ವಾಡಿ ಎಲ್ಲಿ, ಗಟಾರ ಎಲ್ಲಿ ತಿಳಿತಿತ್ತು. ಈಗ ಎಲ್ಲಾ ಬಯಲ ಆಗೇತಿ.” ಕುರ್ಚಿ ಕೆಳಗಿಳಿಸಿ ಅಂದ: “ನಿನ್ನನ್ನೂ ಕರದೆ. ಭಾಳ ಸಲ ಕರದೆ.”

“ನಾ ದೂರ ಇದ್ನಿ ಅಪ್ಪಾ. ಕೇಳಲಿಲ್ಲ.”

ದೂರವೇನೂ ಇರಲಿಲ್ಲ. ಓಣಿಯ ಮೂಲೆಯಲ್ಲೇ ಹುಡುಕುತ್ತಿದ್ದ. ಆ ಯೋಚನೆ ಬಂದ ಕೂಡಲೇ ಅದನ್ನು ತಳ್ಳಿಹಾಕಿದ. ತಿರುಗದೆ ಹೋದವರ ಕಿವಿಯಲ್ಲೆಲ್ಲ ಇದ್ದದ್ದು ಕಂಪನಿಯ ಮಣಿ; ತನ್ನ ಕಿವಿಯದನ್ನು ಕಿತ್ತು ಹಿಮ್ಮಡಿಯಲ್ಲಿ ಅರೆದ.

*

ಸುಳಿಯ ನಿಯಂತ್ರಣ ಕೊಠಡಿ ಗಾಜಿನ ಕಟ್ಟಡದ ಮೇಲಂತಸ್ತಿನಲ್ಲಿತ್ತು. ಗೋಡೆ ತುಂಬ ಪರದೆ, ಪರದೆಯ ತುಂಬ ಬೆಳಕಿನ ಚುಕ್ಕಿಗಳ ನಕಾಶೆ. ಬಾಗಿಲಲ್ಲಿ ತಡೆಯಬೇಕಾದ ಕಾವಲುಗಾರನನ್ನು ಯಾರೋ ಒಳಗಿನಿಂದ ಕರೆಯುತ್ತಲೇ ಇದ್ದರು, ಅವನು ಕಲ್ಲಿನ ಹಾಗೆ ನಿಂತಿದ್ದ. ಫಕೀರೇಶ ಅವನ ಬೆನ್ನ ಹಿಂದಿನಿಂದ ನುಗ್ಗಿದ. ಒಳಗಿದ್ದವಳು ಸುಮೇಧಾ, ಯಂತ್ರ ನೋಡಿಕೊಳ್ಳುವ ಎಂಜಿನಿಯರು. ಕಣ್ಣ ಕೆಳಗೆ ಕಪ್ಪು ಕಟ್ಟಿತ್ತು. ಅವನ ಬ್ಲಾಗಿನ ಹೆಸರು ಕೇಳಿದ್ದೇ ಎದ್ದು ನಿಂತಳು.

“ನೀವನಾ? ನಿಮ್ಮನ್ನ ಹುಡುಕಬೇಕು ಅಂತಿದ್ದೆ. ಬರ್ರಿ, ನೋಡ್ರಿ ಇದನ್ನ.”

ಅವಳು ತೋರಿಸಿದ್ದರಲ್ಲಿ ಅವನಿಗೆ ತಿಳಿದದ್ದು ಇಷ್ಟು. ಯಂತ್ರದ ಹೆಸರು ‘ಮೊಳಕೆ’. ಜನರಲ್ಲಿ ಈಗಷ್ಟೇ ಹುಟ್ಟುತ್ತಿರುವ ಚಾಳಿಯನ್ನು ಎಲ್ಲರಿಗಿಂತ ಮೊದಲು ಹುಡುಕಿ, ನೀರೆರೆದು ಬೆಳೆಸುವುದು ಅದರ ಕೆಲಸ. ಬೆಳೆದದ್ದರ ಸುತ್ತ ಜಾಹೀರಾತು. ಇಂಗ್ಲಿಷಿನಲ್ಲಾದರೆ ಕೋಟಿಗಟ್ಟಲೆ ಬರಹ ಓದಿ ಹುಡುಕಬಹುದು. ಕನ್ನಡದ ಬೀದಿಯಲ್ಲಿ ಏನಾಗುತ್ತಿದೆ ಎಂದು ಬರೆಯುವವರು ಬೆರಳೆಣಿಕೆ ಮಂದಿ. ಅವರಲ್ಲಿ ಒಬ್ಬ ಬರೆದದ್ದು ಯಾವತ್ತೂ ಹುಸಿಯಾಗಿರಲಿಲ್ಲ. ಯಂತ್ರ ಅವನನ್ನೇ ತನ್ನ ಕಣ್ಣು ಮಾಡಿಕೊಂಡಿತ್ತು.

“ನೀವು ಬರದ್ರಿ, ಜನ ಮೊದಲ ಕರೆಗೆ ತಿರುಗಂಗಿಲ್ಲ ಅಂತ. ಯಂತ್ರ ನಂಬ್ತು. ವಿಡಿಯೋ ತೋರಿಸ್ತು. ಅಷ್ಟಕ್ಕ ಬಿಡಲಿಲ್ಲ. ಕಿವಿಮಣಿ ಕೆಲಸ ಏನ್ರಿ? ಬ್ಯಾಡಾದ ಸಪ್ಪಳ ತಡಿಯೂದು. ಜನಕ್ಕ ತಮ್ಮ ಹೆಸರಿನ ಕೂಗು ಬ್ಯಾಡಾಗ್ಯದ ಅಂತ ಲೆಕ್ಕ ಹಾಕಿ, ಅದನ್ನೂ ಸಪ್ಪಳದ ಪಟ್ಟಿಗೆ ಸೇರಿಸಿಬಿಟ್ಟದ. ಮೊದಲನೇ ಕೂಗು, ಆಮೇಲೆ ಎರಡನೇದು. ಈಗ ಎಲ್ಲಾನೂ.”

“ಅದು ಸುಳ್ಳ್ರೀ! ನಾ ಸಿಟ್ಟಿಗೆ ಬರದದ್ದು! ಹಂಗ ಯಾರೂ ಮಾಡ್ತಿರಲಿಲ್ಲ! ಸುಳ್ಳಂತ ಹೇಳ್ರಿ ಅದಕ್ಕ!”

“ಅದಕ್ಕ ಸುಳ್ಳು ಅನ್ನೂದು ತಿಳಿಯಂಗಿಲ್ಲ. ಮಾಡ್ತಾರೋ ಇಲ್ಲೋ ಅಷ್ಟ ನೋಡ್ತದ. ಈಗ ಮಾಡ್ಲಿಕ್ಕತ್ಯಾರಲ್ಲ.”

ಅವನು ಅಲ್ಲೇ ನಿಂತು ಹಳೆಯದನ್ನು ಅಳಿಸಿ ಹೊಸದು ಬರೆದ. ‘ನಮ್ಮ ಊರಿನಲ್ಲಿ ಮತ್ತೆ ಎಲ್ಲರೂ ಕರೆದ ಕೂಡಲೇ ಓ ಅನ್ನುತ್ತಿದ್ದಾರೆ’ ಎಂದು. ಇಬ್ಬರೂ ಪರದೆ ನೋಡಿದರು. ಅವನ ಬ್ಲಾಗಿನ ಚುಕ್ಕಿ ಒಮ್ಮೆ ಮಿನುಗಿತು. ಯಂತ್ರ ಅವನ ಮಾತನ್ನೂ ಊರಿನ ನಡತೆಯನ್ನೂ ತೂಗಿ ನೋಡಿತು. ಊರಿನಲ್ಲಿ ಯಾರೂ ಓ ಅನ್ನುತ್ತಿರಲಿಲ್ಲ. ಚುಕ್ಕಿ ಮಂಕಾಗಿ, ಸಣ್ಣದಾಗಿ, ಆರಿಹೋಯಿತು. ಹುಸಿ ಹೇಳುವವನ ಮಾತನ್ನು ಇನ್ನು ಮುಂದೆ ಕೇಳಬೇಕಾಗಿಲ್ಲ ಎಂದು ಅದು ತೀರ್ಮಾನಿಸಿತ್ತು.

“ಮಷೀನ ಬಂದ ಮಾಡ್ರಿ ಹಂಗಾರ! ವಾಯರ ಕೀಳ್ರಿ!”

“ಮಣಿಯೊಳಗಿನ ಆ ಪಟ್ಟಿ ನಿನ್ನೆ ತೆಗಸಿದೆ. ಮಂದಿ ಕಡೆ ಮಣಿನೂ ಬಿಚ್ಚಿಸಿ ನೋಡಿದೆ.” ಸುಮೇಧಾ ತನ್ನ ಬರಿದಾದ ಕಿವಿ ಮುಟ್ಟಿಕೊಂಡಳು. “ಬಿಚ್ಚಿದ್ರೂ ಬರಂಗಿಲ್ಲ. ಇಷ್ಟು ದಿನದಾಗ ಮಿದುಳು ಕಲ್ತುಬಿಟ್ಟದ. ಹೆಸರು ಇರೋ ಜಾಗ ಖಾಲಿ ಅನಸ್ತದ, ಉಳಿದ ಮಾತು ಕೇಳ್ತದ. ಬ್ಯಾರೆ ಯಾರನ್ನೋ ಕರದಂಗ ಅನಸ್ತದ. ನಮ್ಮವ್ವ ಫೋನ್ ಮಾಡ್ತಾಳ, ಮೊದಲ ನನ್ನ ಹೆಸರು ಹೇಳ್ತಾಳ. ನನಗ ಬರೇ ಗಾಳಿ ಊದಿದಂಗ ಕೇಳ್ತದ.”

ಬಾಗಿಲು ತೆರೆದು ದೇಸಾಯಿ ಬಂದ. ಸುಮೇಧಾ ಅವನ ಹೆಸರು ಹಿಡಿದು ಕೂಗಿದಳು. ಅವನು ಪರದೆಯನ್ನೇ ನೋಡುತ್ತ ನಡೆದ. ಭುಜ ತಟ್ಟಿದಾಗ ತಿರುಗಿ, ಫಕೀರೇಶನನ್ನು ಕಂಡು ಎರಡೂ ಕೈ ಹಿಡಿದುಕೊಂಡ.

“ಏನ ಮಾಡಿದ್ಯೋ ತಮ್ಮಾ! ನಾ ಅವತ್ತ ಎಂಜಲ ಎಲಿ ಅಂದೆ, ಮರ್ತುಬಿಡು. ಇಡೀ ದೇಶದಾಗ ಇಷ್ಟು ಆಳಕ್ಕ ಇಳದ ಟ್ರೆಂಡ್ ಇಲ್ಲ. ಇನ್ನೊಂದು ಬರಿ. ಏನ ಬೇಕಾದ್ದು ಬರಿ.”

“ಸಾಹೇಬ್ರ, ನಿಮ್ಮ ಮನ್ಯಾಗ ಯಾರರೆ ನಿಮ್ಮನ್ನ ಕರೀತಾರೇನು?”

ದೇಸಾಯಿ ಯೋಚಿಸಿದ. ನಗು ಅರ್ಧಕ್ಕೆ ನಿಂತಿತು. “ಇಲ್ಲ,” ಎಂದ ಮೆಲ್ಲಗೆ. “ಈಗೀಗ ಯಾರೂ ಕರಿಯಂಗಿಲ್ಲ. ಮನಿ ಭಾಳ ಶಾಂತ ಅದ.” ಅವನ ಕಣ್ಣಲ್ಲಿ ಏನೋ ಒಡೆದ ಹಾಗೆ ಕಂಡಿತು. ಫಕೀರೇಶನಿಗೆ ಅವನ ಮುಖಕ್ಕೆ ಗುದ್ದಬೇಕೆಂಬ ಆಸೆ ಇತ್ತು. ಗುದ್ದಲು ಅಲ್ಲಿ ಏನೂ ಉಳಿದಿರಲಿಲ್ಲ.

ಸುಮೇಧಾ ಅವನನ್ನು ಲಿಫ್ಟಿನವರೆಗೆ ಕಳಿಸಲು ಬಂದಳು. “ದಾರಿ ಒಂದು ಇರಬಹುದು. ಮಣಿ ಹಾಕದ ಮಂದಿ, ದಿನಾ ಹತ್ತಿರ ಕೂತು, ಮೈ ಮುಟ್ಟಿ ಮುಟ್ಟಿ ಹೆಸರು ಹೇಳಬೇಕು. ಕೂಸಿಗೆ ಕಲಿಸಿದಂಗ. ವರ್ಷ ಹಿಡದೀತು. ನೀವು ಮಣಿ ಹಾಕಿದ್ರೇನು?”

“ಹಾಕಿದ್ದೆ. ಕಿತ್ತ ಒಗದೇನಿ. ನನಗೇನ ಆಗಂಗಿಲ್ರಿ. ಸುಳ್ಳು ಹುಟ್ಟಿಸಿದಾಂವ ನಾನ, ನನಗ ಅದು ಹೆಂಗ ಹತ್ತೀತು? ಅಪ್ಪಗ ನಾ ಓ ಅಂತೇನಿ. ಓಣಿ ಅನ್ನದಿದ್ರ ಬಿಡ್ಲಿ, ನಾ ಒಬ್ಬನ ಸಾಕು.”

ಲಿಫ್ಟಿನ ಬಾಗಿಲು ತೆರೆಯಿತು. ಅವನು ಒಳಗೆ ಹೋಗಿ ತಿರುಗಿದಾಗ ಸುಮೇಧಾ ಅವನನ್ನೇ ನೋಡುತ್ತ ನಿಂತಿದ್ದಳು. ತುಟಿ ಈಗಷ್ಟೇ ಆಡಿ ನಿಂತ ಹಾಗಿತ್ತು.

“ಏನರೆ ಅಂದ್ರೇನು?”

ಅವಳು ಬಾಯಿಗೆ ಸೆರಗು ಒತ್ತಿಕೊಂಡಳು. “ಇಲ್ಲ. ಏನಿಲ್ಲ. ಅಪ್ಪನ ಕೈ ಹಿಡಕೊಂಡ ಇರ್ರಿ. ಕೈ ಮಾತ್ರ ಬಿಡಬ್ಯಾಡ್ರಿ.”

*

ಬಸ್ಸಿನಲ್ಲಿ ಬರುವಾಗ ಊರು ಅವನಿಗೆ ಮೊದಲ ಬಾರಿಗೆ ಪೂರ್ತಿ ಕಂಡಿತು. ಎಷ್ಟು ನಿಶ್ಶಬ್ದ! ಮಾತು ಇತ್ತು, ಹಾಡು ಇತ್ತು, ಹಾರ್ನು ಇತ್ತು, ಕೂಗು ಇರಲಿಲ್ಲ. ಬಾಗಿಲಲ್ಲಿ ನಿಂತು ಮಕ್ಕಳನ್ನು ಊಟಕ್ಕೆ ಕರೆಯುವ ತಾಯಂದಿರು ಕರೆಯುವುದನ್ನೇ ಬಿಟ್ಟಿದ್ದರು. ಬಂದು ರಟ್ಟೆ ಹಿಡಿದು ಎಳೆದುಕೊಂಡು ಹೋಗುತ್ತಿದ್ದರು. ನಿಲ್ದಾಣದಲ್ಲಿ ಒಬ್ಬ ಮುದುಕ ಎದೆ ಹಿಡಿದು ಬಿದ್ದಿದ್ದ. ಪಕ್ಕದಲ್ಲಿ ಮುದುಕಿ ಯಾರದೋ ಹೆಸರು ಕೂಗುತ್ತಿದ್ದಳು, ಆ ಹೆಸರಿನವನು ಎದುರಿನ ಹೋಟೆಲಿನಲ್ಲಿ ಚಹಾ ಕುಡಿಯುತ್ತಿದ್ದಿರಬೇಕು. ಫಕೀರೇಶ ಇಳಿದು ಓಡಿ ಆಟೊ ತಡೆದು ಅವರನ್ನು ಹತ್ತಿಸಿದ. ಇದನ್ನೆಲ್ಲ ಮಾಡಿದವನು ತಾನು. ಆದರೆ ಅಪ್ಪನಿಗೆ ಮಾತ್ರ ಹೀಗಾಗಲು ಬಿಡುವುದಿಲ್ಲ. ಬೆಳಿಗ್ಗೆ ಹೊರಡುವಾಗ ಮಾತು ಕೊಟ್ಟಿದ್ದ: “ಹೊಸ್ತಿಲ ದಾಟಬ್ಯಾಡ. ನಾ ಬಂದ ಕೂಡ್ಲೆ ಕರಿ. ಓ ಅಂತೇನಿ. ಆಮ್ಯಾಲ ಇಬ್ಬರೂ ಕೂಡಿ ಬಜಾರಕ್ಕ ಹೋಗೂಣು.”

ಓಣಿಗೆ ಬಂದಾಗ ಬಿಸಿಲು ಇಳಿಯುತ್ತಿತ್ತು. ಯಮನಪ್ಪ ಹೊಸ್ತಿಲಲ್ಲೇ ಕೂತಿದ್ದ, ಹೇಳಿದ ಹಾಗೆ. ಚಪ್ಪಲಿಯ ಸಪ್ಪಳ ಗುರುತು ಹತ್ತಿತೋ ಏನೋ, ಮುಖ ಫಕೀರೇಶನ ಕಡೆಗೆ ಹೊರಳಿ ಅರಳಿತು. ಬಾಗಿಲ ಚೌಕಟ್ಟು ಹಿಡಿದು ಎದ್ದು ನಿಂತ. ಬಾಯಿ ತೆರೆದ.

ಗಾಳಿ ಊದಿದ ಹಾಗೆ ಏನೋ ಆಯಿತು. ಆಮೇಲೆ, “ಬಂದಿ ಏನೋ?” ಎಂಬುದು ಕೇಳಿಸಿತು.

ಅಪ್ಪ ಯಾರನ್ನೋ ಕರೆಯುತ್ತಿದ್ದ.

ಫಕೀರೇಶ ನಿಂತು ಹಿಂದೆ ನೋಡಿದ. ಓಣಿಯಲ್ಲಿ ಜನ ಇದ್ದರು. ಯಾರೂ ಇತ್ತ ತಿರುಗಲಿಲ್ಲ. ಅಪ್ಪ ಮತ್ತೆ ಬಾಯಿ ತೆರೆದ. ಮತ್ತೆ ಗಾಳಿ. “ಓ ಅನ್ನೋ,” ಎಂದ. ಚಾಚಿದ ಕೈ ಗಾಳಿಯಲ್ಲಿ ತಡಕಾಡುತ್ತಿತ್ತು. ಮುಖದ ಅರಳಿಕೆ ಬಾಡುತ್ತಿತ್ತು. “ಸಪ್ಪಳ ಕೇಳೇತಿ ನನಗ. ಇಲ್ಲೇ ಅದಿ. ಓ ಅನ್ನೋ, ಹೆದರಿಸಬ್ಯಾಡ.”

ಯಾವನು ಅವನು? ಇಷ್ಟು ಕರೆದರೂ ಓ ಅನ್ನದೆ ನಿಂತಿರುವ ಕಲ್ಲೆದೆಯವನು ಯಾವನು? ಒಬ್ಬ ಕುರುಡ ಹೀಗೆ ಅಂಗಲಾಚುತ್ತಿದ್ದಾನೆ, ಒಂದು ಅಕ್ಷರ, ಒಂದೇ ಒಂದು ಅಕ್ಷರ ಬಾಯಿಂದ ಬರಬಾರದೇ? ಫಕೀರೇಶನ ನೆತ್ತಿಗೆ ಸಿಟ್ಟು ಏರಿತು, ಕಣ್ಣಿಗೆ ಕತ್ತಲೆ ಕವಿಯುವಷ್ಟು. ಇವನನ್ನು ಹುಡುಕಿ, ಕೊರಳಪಟ್ಟಿ ಹಿಡಿದು ಎಳೆದು ತಂದು ಅಪ್ಪನ ಮುಂದೆ ಕೆಡವಬೇಕು. ಮುಷ್ಟಿ ಬಿಗಿದು ತಿರುಗಿದ. ಸಕ್ರವ್ವನ ಅಂಗಡಿಯತ್ತ ನೋಡಿದ, ಸೈಕಲ್ ಅಂಗಡಿಯತ್ತ ನೋಡಿದ, ಒಂದೊಂದೇ ಮುಖವನ್ನು ಇರಿಯುವ ಹಾಗೆ ನೋಡುತ್ತ ನಡೆದ.

ಬೆನ್ನ ಹಿಂದೆ ಗಾಳಿ ಊದುತ್ತಲೇ ಇತ್ತು. ಅವನು ಹೆಜ್ಜೆ ಬಿರುಸು ಮಾಡಿದ.